ಮುತ್ತಾತ ಸಿಗದಿದ್ದರೆ ಅವನ ನೆರೆಯವರನ್ನು ಹುಡುಕಿ

ಎಲ್ಲರಿಗೂ ನಮಸ್ಕಾರ.

ಮನೆತನದ ಹಿಂದಿನ ಕಥೆ ಹುಡುಕಲು ಹೊರಟವರು ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಅಜ್ಜ ಗೊತ್ತು. ಮುತ್ತಜ್ಜನ ಹೆಸರೂ ಗೊತ್ತು. ಅವರ ಅಪ್ಪ "ಎಲ್ಲಿಂದಲೋ ಬಂದು ಇಲ್ಲಿ ನೆಲೆ ನಿಂತರಂತೆ". ಅಷ್ಟೇ. ಎಲ್ಲಿಂದ ಅಂತ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಹಳ ಕಡೆ ಕೇಳಿಬರುವ ಉತ್ತರ, "ಹಂಪಿ ಹಾಳಾದಾಗ ಬಂದೆವು." ಹಂಪಿ ಹಾಳಾದದ್ದು 1565ರ ಯುದ್ಧದ ನಂತರ. ನಿಮ್ಮ ಲೆಕ್ಕದಲ್ಲಿರುವುದು ಐದು ತಲೆಮಾರು. ಅಂದರೆ ಹೆಚ್ಚೆಂದರೆ ನೂರೈವತ್ತು ವರ್ಷ. ನಡುವಿನ ಮುನ್ನೂರು ವರ್ಷ ಯಾರೂ ಹುಟ್ಟಲೇ ಇಲ್ವಾ? ಅದಕ್ಕೇ ವಿಜಯನಗರದ ದಂಡನಾಯಕನನ್ನು ಇವತ್ತಿಗೆ ಪಕ್ಕಕ್ಕೆ ಕೂರಿಸೋಣ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿ ಮುಚ್ಚಿಕೊಂಡಾಗ ಎಲ್ಲರೂ ಆ ಒಬ್ಬ ಮನುಷ್ಯನ ಹೆಸರನ್ನೇ ಹಿಡಿದು ಕೂರುತ್ತಾರೆ. ಅವನನ್ನು ಸ್ವಲ್ಪ ದಿನ ಬಿಟ್ಟುಬಿಡಿ. ಅವನ ಸುತ್ತ ಇದ್ದವರನ್ನು ಹುಡುಕಿ. ನಮ್ಮ ಕಡೆ ಒಬ್ಬನೇ ಗಂಟು ಕಟ್ಟಿಕೊಂಡು ಊರು ಬಿಟ್ಟದ್ದು ಕಡಿಮೆ. ತಮ್ಮ ಬರುತ್ತಿದ್ದ, ಭಾವಮೈದುನ ಬರುತ್ತಿದ್ದ, ಅದೇ ಬೆಡಗಿನ, ಅಂದರೆ ಅದೇ ಕುಲದ, ಇನ್ನೆರಡು ಮನೆ ಬರುತ್ತಿದ್ದವು. ಜೊತೆಗೆ ಒಂದು ದೇವರೂ ಬರುತ್ತಿತ್ತು. ಇವರಲ್ಲಿ ಯಾರೊಬ್ಬರ ಮೂಲ ಸಿಕ್ಕರೂ ನಿಮ್ಮವನ ಮೂಲ ಹತ್ತಿರ ಬಂತು ಅಂತಲೇ ಲೆಕ್ಕ.

ಹೆಸರು ಹಿಡಿದು ಹೋದರೆ ಯಾಕೆ ಸಿಗುವುದಿಲ್ಲ? ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮದು. ದಾಖಲೆಯಲ್ಲಿ ತಿಮ್ಮೇಗೌಡ ಬಿನ್ ಚಿಕ್ಕೇಗೌಡ ಇರುತ್ತಾನೆ, ಅವನ ಕೆಳಗೆ ಚಿಕ್ಕೇಗೌಡ ಬಿನ್ ತಿಮ್ಮೇಗೌಡ, ಪಕ್ಕದ ಸರ್ವೆ ನಂಬರಿನಲ್ಲಿ ಇನ್ನೊಬ್ಬ ತಿಮ್ಮೇಗೌಡ. ಯಾರು ಯಾರು ಅಂತ ಬಿಡಿಸುವುದೇ ದೊಡ್ಡ ಕೆಲಸ. ಇನ್ನು ಇಂಗ್ಲೆಂಡಿನವರು, ಅಮೆರಿಕದವರು ಬರೆದ ಸಲಹೆಗಳಲ್ಲಿ ಮೊದಲು ಬರುವುದು ಜನಗಣತಿ. ಅವರ ಹಳೆಯ ಗಣತಿಯಲ್ಲಿ ಮನೆಮನೆಯ ಹೆಸರು ಸಿಗುತ್ತದೆ. ನಮ್ಮ ಹಳೆಯ ಗಣತಿಗಳಲ್ಲಿ ನಮಗೆ ಉಳಿದಿರುವುದು ಅಂಕಿಗಳು. ಯಾವ ಜಿಲ್ಲೆಯಲ್ಲಿ ಎಷ್ಟು ಜನ ಅಂತ ತಿಳಿಯುತ್ತದೆ, ನಿಮ್ಮ ಮುತ್ತಾತ ಸಿಗುವುದಿಲ್ಲ. ಶಾಲೆಯ ದಾಖಲಾತಿ ಪುಸ್ತಕ ಸಿಕ್ಕರೆ ಒಳ್ಳೆಯದೇ, ಆದರೆ ಹುಟ್ಟಿದ ದಿನವನ್ನು ನಂಬಬೇಡಿ. ಜೂನ್ 1ರಂದು ಹುಟ್ಟಿದ ಹಿರಿಯರು ಈ ಸಭೆಯಲ್ಲೇ ಹತ್ತು ಜನ ಸಿಗಬಹುದು. ಮೇಷ್ಟರ ಆಶೀರ್ವಾದ!

ಸರಿ, ಸುತ್ತಲಿನವರನ್ನು ಗುರುತಿಸುವುದು ಹೇಗೆ? ಮೊದಲು ಸೂತಕ ಕೇಳಿ. ಮನೆಯ ಹಿರಿಯರನ್ನು "ನಮ್ಮ ದಾಯಾದಿಗಳು ಯಾರು" ಅಂತ ಕೇಳಿದರೆ ಜಗಳದ ಕಥೆ ಬರುತ್ತದೆ. "ಯಾರು ಸತ್ತರೆ ನಮಗೆ ಸೂತಕ" ಅಂತ ಕೇಳಿ. ಸಂಬಂಧ ಹೇಗೆ ಅಂತ ಮರೆತುಹೋಗಿದ್ದರೂ ಆ ಪಟ್ಟಿ ನೆನಪಿರುತ್ತದೆ. "ಆ ಊರಿನ ಮೇಲಿನ ಮನೆಯವರು. ಯಾಕೋ ಗೊತ್ತಿಲ್ಲ, ಅವರ ಸೂತಕ ನಮಗಿದೆ." ಆ "ಯಾಕೋ ಗೊತ್ತಿಲ್ಲ" ಅನ್ನುವ ಮನೆಗೆ ತಪ್ಪದೆ ಹೋಗಿ. ನಿಮ್ಮ ಮುತ್ತಾತನ ಅಣ್ಣನ ಮಕ್ಕಳು ಅಲ್ಲಿರುವ ಸಾಧ್ಯತೆ ಜಾಸ್ತಿ. ಒಬ್ಬ ತಮ್ಮ ಮರೆತದ್ದನ್ನು ಇನ್ನೊಬ್ಬ ಅಣ್ಣನ ಮನೆಯವರು ನೆನಪಿಟ್ಟುಕೊಂಡಿರುತ್ತಾರೆ.

ಎರಡನೆಯದು ಮನೆದೇವರು. ಇಲ್ಲಿ ಒಂದು ಎಚ್ಚರಿಕೆ. ತಿರುಪತಿ ತಿಮ್ಮಪ್ಪ ಮನೆದೇವರಾದರೆ ಏನೂ ತಿಳಿಯುವುದಿಲ್ಲ, ಅರ್ಧ ದಕ್ಷಿಣ ಭಾರತವೇ ಅವನ ಒಕ್ಕಲು. ಸವದತ್ತಿ ಎಲ್ಲಮ್ಮ, ಮೈಲಾರಲಿಂಗ, ಮಲೆ ಮಹದೇಶ್ವರ ಆದರೆ ಸೀಮೆ ಮಟ್ಟಿಗೆ ತಿಳಿಯುತ್ತದೆ. ನಿಜವಾದ ಸುಳಿವು ಕೊಡುವುದು ಯಾರೂ ಹೆಸರು ಕೇಳದ ಸಣ್ಣ ಅಮ್ಮ. ಯಾವುದೋ ಹಳ್ಳಿಯ ಗಡಿಯಲ್ಲಿ ಕಲ್ಲಾಗಿ ಕೂತವಳು. ಅಷ್ಟು ದೂರದ ಅಂಥ ದೇವರಿಗೆ ನಿಮ್ಮ ಮನೆಯವರು ಮೂರು ವರ್ಷಕ್ಕೊಮ್ಮೆ ಹರಕೆ ಒಪ್ಪಿಸುತ್ತಿದ್ದರೆ, ಅದಕ್ಕೆ ಕಾರಣ ಇದ್ದೇ ಇರುತ್ತದೆ. ಅಲ್ಲಿನ ಪೂಜಾರಿಯನ್ನು ಕೇಳಿ, ಯಾವ ಯಾವ ಊರಿನಿಂದ ಒಕ್ಕಲು ಬರುತ್ತಾರೆ ಅಂತ. ಒಂದೇ ದಿಕ್ಕಿಗೆ ಹೋದ ನಾಲ್ಕು ಮನೆಗಳು ಸಿಕ್ಕರೆ ನಿಮ್ಮ ಗುಂಪು ಸಿಕ್ಕಿತು.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ಹೆಂಗಸರು. ದಾಖಲೆಯಲ್ಲಿ ಅವರು "ಇಂಥವಳು ಕೋಂ ಇಂಥವನು" ಎಂದು ಗಂಡನ ಹಿಂದೆ ನಿಂತಿರುತ್ತಾರೆ. ಆದರೆ ಹೊಸ ಊರಿಗೆ ಬಂದವನು ಮಗನಿಗೆ ಹೆಣ್ಣು ತರಲು ಎಲ್ಲಿಗೆ ಹೋಗುತ್ತಿದ್ದ? ಹಳೆಯ ಸೀಮೆಗೇ. ಅಕ್ಕನ ಮಗಳು, ಸೋದರಮಾವನ ಮಗಳು ಅಂತ ಅಲ್ಲಿಂದಲೇ ಸಂಬಂಧ. ಮೊದಲ ಎರಡು ತಲೆಮಾರಿನ ಸೊಸೆಯರ ತವರೂರುಗಳನ್ನು ಬರೆದು ನಕ್ಷೆಯ ಮೇಲೆ ಗುರುತು ಹಾಕಿ. ಗುರುತುಗಳೆಲ್ಲ ಒಂದು ಹೋಬಳಿಯ ಸುತ್ತ ಬಿದ್ದರೆ, ಮುತ್ತಾತನ ಹೆಸರೇ ಇಲ್ಲದೆ ಮುತ್ತಾತನ ಊರಿನ ಹತ್ತಿರ ಬಂದಿರಿ. ನನಗಂತೂ ಕಾಗದಪತ್ರಕ್ಕಿಂತ ಇದರ ಮೇಲೆ ನಂಬಿಕೆ ಜಾಸ್ತಿ.

ಕರಾವಳಿಯವರಿಗೆ ಇದು ಇನ್ನೂ ಮುಖ್ಯ. ಅಳಿಯಸಂತಾನದ ಮನೆಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ. ಅಪ್ಪ, ಅಪ್ಪನ ಅಪ್ಪ ಅಂತ ಹೋದರೆ ಪ್ರತಿ ತಲೆಮಾರಿಗೂ ಬೇರೆ ಮನೆ ಸೇರುತ್ತೀರಿ. ಅಲ್ಲಿ ಹಿಡಿಯಬೇಕಾದ್ದು ಅಜ್ಜಿಯನ್ನು, ಅಜ್ಜಿಯ ಅಣ್ಣತಮ್ಮಂದಿರನ್ನು. ಮಂಗಳೂರಿನ ಕ್ರೈಸ್ತರ ಕಥೆ ಬೇರೆ. 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಚರ್ಚುಗಳು ನೆಲಸಮವಾದವು. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಗೋವಾದ ಕಡೆ ನೋಡಬೇಕು. ಅಲ್ಲಿ ದಾರಿ ತೋರುವುದು ಕೆಲವು ಮನೆಗಳಲ್ಲಿ ಇಂದಿಗೂ ಬಾಯಲ್ಲಿ ಉಳಿದಿರುವ ಹಳೆಯ ಕೊಂಕಣಿ ಅಡ್ಡಹೆಸರು. ಪ್ರಭು, ಕಾಮತ್, ಶೆಣೈ ಇಂಥವು.

ಈಗ ಕಾಗದಕ್ಕೆ ಬರೋಣ. ಪಹಣಿ ಎಲ್ಲರೂ ನೋಡುತ್ತಾರೆ. ಅದರಲ್ಲಿ ಸಿಗುವುದು ಕಡಿಮೆ. ನೀವು ನೋಡಬೇಕಾದ್ದು ಹಳೆಯ ಕ್ರಯಪತ್ರ ಮತ್ತು ಪಾಲುಪಟ್ಟಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಬರಹದ ಪುಸ್ತಕಗಳಿರುತ್ತವೆ. ಪತ್ರದ ಮೊದಲ ಸಾಲಿನಲ್ಲಿ ಬರೆಸಿದವರ ಊರು, ಹೋಬಳಿ, ತಾಲ್ಲೂಕು ಇರುತ್ತದೆ. ಹೊಸದಾಗಿ ಬಂದವನಾದರೆ ಇಂಥ ಗ್ರಾಮದವನು, "ಹಾಲಿ ವಾಸ" ಇಲ್ಲಿ ಅಂತ ಬರೆದಿರುವುದೂ ಉಂಟು. ಆ ಎರಡು ಪದಕ್ಕಾಗಿ ನೂರು ಪುಟ ತಿರುವಿದರೂ ನಷ್ಟವಿಲ್ಲ. ನಂತರ ಚಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಹೊಲ. ಕೊನೆಯಲ್ಲಿ ಸಾಕ್ಷಿ ಹಾಕಿದವರು ಯಾರು, ಬಿಕ್ಕಲಂ ಯಾರದು, ಅಂದರೆ ಪತ್ರ ಬರೆದವರು ಯಾರು. ಹಣದ ವ್ಯವಹಾರಕ್ಕೆ ಜನ ತಮ್ಮವರನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಆ ಹೆಸರುಗಳೇ ನಿಮ್ಮ ಮುಂದಿನ ಪಟ್ಟಿ.

ಹಳ್ಳಿಯ ಲೆಕ್ಕಪತ್ರ ಎಲ್ಲವೂ ಸರ್ಕಾರದ ಕಚೇರಿಯಲ್ಲೇ ಇರಬೇಕೆಂದಿಲ್ಲ. ಊರಿನ ಲೆಕ್ಕ ಬರೆಯುವ ವಂಶಪಾರಂಪರ್ಯದ ಶಾನುಭೋಗಿಕೆ ಹೋದದ್ದು 1960ರ ದಶಕದಲ್ಲಿ. ಅದಕ್ಕೆ ಮುಂಚಿನ ಎಷ್ಟೋ ಪುಸ್ತಕಗಳು ಶಾನುಭೋಗರ ಮನೆಯ ಅಟ್ಟದಲ್ಲೇ ಉಳಿದವು. ಅದೃಷ್ಟ ಇದ್ದರೆ ಕಡತವೂ ಸಿಗಬಹುದು. ಬಟ್ಟೆಗೆ ಇದ್ದಿಲು ಮತ್ತು ಹುಣಿಸೆ ಬೀಜದ ಅಂಟು ಬಳಿದು, ಮಡಿಚಿ, ಬಳಪದಲ್ಲಿ ಬರೆದದ್ದು. ದಯವಿಟ್ಟು ಒದ್ದೆ ಬಟ್ಟೆಯಿಂದ ಧೂಳು ಒರೆಸಬೇಡಿ. ಬರಹವೇ ಹೋಗುತ್ತದೆ.

ಕಚೇರಿಗೆ ಹೋಗುವ ಮುಂಚೆ ಆ ಕಾಲದಲ್ಲಿ ಊರು ಯಾರ ಆಳ್ವಿಕೆಯಲ್ಲಿತ್ತು ಅಂತ ನೋಡಿಕೊಳ್ಳಿ. 1956ರ ನವೆಂಬರ್ 1ಕ್ಕೆ ಮೊದಲು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿನಲ್ಲಿ ಕೂತು ಎಷ್ಟು ಹುಡುಕಿದರೂ ಅಷ್ಟೇ, ಚೆನ್ನೈಗೆ ಹೋಗಬೇಕು. ಉತ್ತರ ಕನ್ನಡ 1862ರವರೆಗೆ ಮದರಾಸಿಗೆ ಸೇರಿತ್ತು, ಆಮೇಲೆ ಮುಂಬೈಗೆ. ಧಾರವಾಡ, ಬೆಳಗಾವಿಯ ಹಳೆಯ ಪತ್ರಗಳು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೆ ಓದುವವರನ್ನು ಹುಡುಕಬೇಕು. ಬೀದರ್, ಕಲಬುರಗಿ, ರಾಯಚೂರಿನವು ಉರ್ದುವಿನಲ್ಲಿ, ಫಸಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸುಮಾರಾಗಿ ಸಿಗುತ್ತದೆ.

ಅಜ್ಜಿಯರು ಹೇಳುವ ಸಂವತ್ಸರವನ್ನು ಸುಮ್ನೆ ಬಿಡಬೇಡಿ. "ಧಾತು ಈಶ್ವರದ ಬರದಲ್ಲಿ ಬಂದರು" ಅಂದರೆ 1876ರಿಂದ 78ರ ಮಹಾ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಬರೀ "ಧಾತು" ಅಂದರೆ ಮಾತ್ರ ಹುಷಾರು, ಅರವತ್ತು ವರ್ಷಕ್ಕೊಮ್ಮೆ ಬರುತ್ತದಲ್ಲ, 1936 ಕೂಡ ಧಾತುವೇ. ಕೆಲವೊಮ್ಮೆ ಊರಿನ ಹೆಸರು ಸಿಕ್ಕರೂ ಊರು ಸಿಗುವುದಿಲ್ಲ. ಬರ, ಪ್ಲೇಗಿನಿಂದ ಖಾಲಿಯಾದ ಊರುಗಳು ಕಂದಾಯದ ಪಟ್ಟಿಯಲ್ಲಿ "ಬೇಚರಾಕ್ ಗ್ರಾಮ" ಅಂತ ಉಳಿದಿರುತ್ತವೆ. ಸರ್ವೆ ನಕ್ಷೆ ನೋಡಿ. ಕನ್ನಂಬಾಡಿಯಲ್ಲೋ ಲಿಂಗನಮಕ್ಕಿಯಲ್ಲೋ ಮುಳುಗಿದ ಊರಾದರೆ ಭೂಸ್ವಾಧೀನದ ಪಟ್ಟಿ ಕೇಳಿ. ಪರಿಹಾರ ಕೊಡಬೇಕಾದರೆ ಸರ್ಕಾರ ಹೆಸರು ಬರೆದುಕೊಳ್ಳಲೇಬೇಕಲ್ವಾ.

ಹೆಳವರ ವಿಷಯ ಯಾಕೆ ಇನ್ನೂ ಬರಲಿಲ್ಲ ಅಂತ ಉತ್ತರ ಕರ್ನಾಟಕದವರು ಕಾಯುತ್ತಿರಬಹುದು. ಎತ್ತಿನ ಮೇಲೆ ಬಂದು ಮನೆತನದ ಮೂಲಪುರುಷನಿಂದ ಹಿಡಿದು ಇವತ್ತಿನ ಮಗುವಿನವರೆಗೆ ಹೇಳಿ, ಕಾಳು, ಬಟ್ಟೆ ಪಡೆದು ಹೋಗುವವರು. ಯಾವ ಊರು ಬಿಟ್ಟು ಯಾವ ಊರಿಗೆ ಬಂದಿರಿ ಅನ್ನುವುದೂ ಅವರ ಮಾತಿನಲ್ಲಿ ಇರುತ್ತದೆ. ಆದರೆ ಎಲ್ಲ ಹೆಳವರಿಗೂ ಎಲ್ಲರ ಕಥೆ ಗೊತ್ತಿರುವುದಿಲ್ಲ. ಅವರವರ ಒಕ್ಕಲು ಅವರವರಿಗೆ ಹಂಚಿಹೋಗಿರುತ್ತದೆ. ನೀವು ಪಟ್ಟಣ ಸೇರಿದ ಮೇಲೆ ನಿಮ್ಮ ಮನೆಗೆ ಬರುವುದು ನಿಂತಿರಬಹುದು. ಹಳ್ಳಿಯಲ್ಲಿ ಉಳಿದ ದಾಯಾದಿಗಳ ಮನೆಗೆ ಯಾರು ಬರುತ್ತಾರೆ, ಯಾವ ಊರಿನವರು ಅಂತ ವಿಚಾರಿಸಿ. ಅವರು ಹೇಳುವಾಗ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ. ಮೂಲಪುರುಷನ ಭಾಗದಲ್ಲಿ ಸ್ವಲ್ಪ ಹೊಗಳಿಕೆ ಸೇರಿರುತ್ತದೆ. ಊರುಗಳ ಹೆಸರನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಡಿಎನ್‌ಎ ಪರೀಕ್ಷೆ ಬಗ್ಗೆಯೂ ಕೇಳುತ್ತಾರೆ. ಸಂಬಂಧದೊಳಗೇ ಮದುವೆಯಾಗುತ್ತ ಬಂದ ನಮ್ಮಂಥವರಲ್ಲಿ ಅದು ಎಲ್ಲರನ್ನೂ ಹತ್ತಿರದ ನೆಂಟರು ಅಂತ ತೋರಿಸುತ್ತದೆ. ಊರು ಹೇಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ದೊಡ್ಡ ಕೊರತೆ ಇದೆ. ಕ್ರಯಪತ್ರ, ಚಕ್ಕುಬಂದಿ, ಹೆಳವರು, ಇವೆಲ್ಲ ಭೂಮಿ ಇದ್ದವರಿಗೆ. ಜೀತಕ್ಕಿದ್ದವರಿಗೆ, ಊರ ಹೊರಗೆ ಇರಿಸಲ್ಪಟ್ಟವರಿಗೆ ಏನಿದೆ? ಅವರು ಯಾರ ಹೊಲದಲ್ಲಿ ದುಡಿದರೋ ಆ ಧಣಿಯ ಮನೆಯ ಲೆಕ್ಕ ನೋಡಬೇಕು. ಕಾಳು ಅಳೆದುಕೊಟ್ಟ ಲೆಕ್ಕದಲ್ಲಿ, ಸಾಲದ ಪತ್ರದಲ್ಲಿ ಹೆಸರು ಇರುತ್ತದೆ. ಕಾಫಿ ತೋಟದ ಕೂಲಿ ಪುಸ್ತಕ, ಪಲ್ಟನ್ನಿನ ದಾಖಲೆ, ಮಿಷನ್ ಶಾಲೆಯ ಪುಸ್ತಕವನ್ನೂ ನೋಡಬೇಕು.

ವಿಚಿತ್ರ ನೋಡಿ, ಅತಿ ಚೆನ್ನಾಗಿ ದಾಖಲಾದ ಬಡವರು ಸಮುದ್ರ ದಾಟಿದವರು. 1860ರಿಂದ 1911ರವರೆಗೆ ಮದರಾಸು, ಕಲ್ಕತ್ತಾ ಬಂದರುಗಳಿಂದ ಸುಮಾರು 1 ಲಕ್ಷ 52 ಸಾವಿರ ಜನ ದಕ್ಷಿಣ ಆಫ್ರಿಕದ ನಟಾಲಿಗೆ ಕಬ್ಬಿನ ತೋಟದ ಕೂಲಿಗೆ ಹೋದರು. ಹಡಗಿನ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಮಚ್ಚೆ ಸಹಿತ ಬರೆದಿದ್ದಾರೆ. ಮೈಸೂರು, ಬೆಂಗಳೂರು ಅಂತ ಬರೆಸಿದವರೂ ಅದರಲ್ಲಿದ್ದಾರೆ. ಇಲ್ಲೇ ಉಳಿದ ಅಣ್ಣನಿಗೆ ಒಂದು ಸಾಲಿನ ದಾಖಲೆಯೂ ಇಲ್ಲದಿರಬಹುದು, ಹೋದ ತಮ್ಮನ ಊರು, ಅಪ್ಪನ ಹೆಸರು ಆ ಪಟ್ಟಿಯಲ್ಲಿ ಭದ್ರವಾಗಿರುತ್ತದೆ. "ನಮ್ಮಜ್ಜನ ತಮ್ಮ ಒಬ್ಬ ಹಡಗು ಹತ್ತಿ ಹೋದ, ಮತ್ತೆ ಬರಲಿಲ್ಲ" ಅನ್ನುವ ಮಾತು ನಿಮ್ಮ ಮನೆಯಲ್ಲಿ ಇದ್ದರೆ, ಹುಡುಕಾಟವನ್ನು ಅವನಿಂದಲೇ ಶುರು ಮಾಡಿ.

ಇನ್ನು ನಿಮ್ಮ ಪ್ರಶ್ನೆಗಳು. ಬರುವಾಗಲೇ ಕೆಲವರ ಕೈಯಲ್ಲಿ ಹಳೆಯ ಪತ್ರಗಳನ್ನು ನೋಡಿದೆ. ಅವರು ಮುಂದೆ ಬನ್ನಿ, ಮೊದಲು ಸಾಕ್ಷಿಗಳ ಹೆಸರು ಓದೋಣ.