ಪೆಟ್ಟಿಗೆ ವಾಲಲಿ, ಎರಿ ವಾಲದಿರಲಿ
(ಶಿರಸಿಯಲ್ಲಿ ವಿಶ್ವ ಜೇನು ದಿನದಂದು ಮಾಡಿದ ಉಪನ್ಯಾಸ)

ಬಂಧುಗಳೇ, ಇವತ್ತು ಮೇ 20. ಜೇನಿನ ಮಹಿಮೆ ಹೇಳುವವರು ವೇದಿಕೆಯಲ್ಲಿ ಬೇಕಷ್ಟು ಜನ ಇದ್ದಾರೆ. ಮಳೆ ಹಿಡಿಯುವುದರೊಳಗೆ ನಾನು ಹೇಳಬೇಕಾದ್ದು ಒಂದೇ: ಪೆಟ್ಟಿಗೆಯ ಬಾಗಿಲು ಯಾವ ಕಡೆ, ಒಳಗೆ ಜೇನುನೊಣ ಮೇಣದ ಎರಿ ಕಟ್ಟುವ ಮರದ ಚೌಕಟ್ಟು, ಅಂದರೆ ಫ್ರೇಮು, ಯಾವ ಕಡೆ.

ಫ್ರೇಮಿನ ಅಂಚು ಬಾಗಿಲಿಗೆ ಎದುರಾಗಿದ್ದರೆ ಉದ್ದ ಫ್ರೇಮು ಅನ್ನೋಣ, ಮೈ ಎದುರಾಗಿದ್ದರೆ ಅಡ್ಡ ಫ್ರೇಮು. ಅಡ್ಡ ಫ್ರೇಮನ್ನು ಮೆಚ್ಚುವವರು ಬ್ರಿಟನ್ನಿನಲ್ಲೂ ಇದ್ದಾರೆ. ಮೊದಲ ಎರಿಯೇ ಚಳಿಗಾಳಿ ತಡೆಯುತ್ತದೆ, ಹಿಂದೆ ನಿಂತು ಕೆಲಸ ಮಾಡಬಹುದು, ನೊಣದ ಹಾದಿಗೆ ಅಡ್ಡ ಬರುವುದಿಲ್ಲ. ಒಪ್ಪೋಣ. ಮರದ ಪೊಟರೆಯಲ್ಲಿ ನಮ್ಮ ನಾಡಿನ ಜೇನು ತುಡುವೆ ಯಾವ ದಿಕ್ಕಿಗೆ ಎರಿ ಕಟ್ಟಿದರೂ ಸುಖವಾಗೇ ಇರುತ್ತದೆ. ಆದರೆ ಪೊಟರೆಯ ಹಿಂದೆ ಯಾರೂ ಕಲ್ಲು ಕೊಡುವುದಿಲ್ಲ. ನೀರು ಒಳಗೆ ನಿಲ್ಲದೆ ಪೆಟ್ಟಿಗೆ ಮುಂದಕ್ಕೆ ವಾಲಲೆಂದು ನಾವು ಕೊಡುತ್ತೇವೆ.

ಹುಲೇಕಲ್ ಕಡೆಯ ನಮ್ಮ ಭಾವ ಆಚಾರಿಯ ಹತ್ತಿರ ಬಾಗಿಲನ್ನು ಪಕ್ಕದ ಹಲಗೆಗೆ ಮಾಡಿಸಿದ. ಅಲ್ಲಿಗೆ ಫ್ರೇಮು ಅಡ್ಡ ಆಯಿತು. ಮಳೆಗಾಲಕ್ಕೆ ಹಿಂದೆ ಹೆಂಚಿನ ಚೂರು ಕೊಟ್ಟು ಪೆಟ್ಟಿಗೆಯನ್ನು ಮುಂದಕ್ಕೆ ವಾಲಿಸಿದ. ದೀಪಾವಳಿ ಕಳೆದು ಹೂವು ಶುರುವಾದರೂ ಚೂರು ಅಲ್ಲೇ. ಎರಿಗೆ ದಾರಿ ತೋರಿಸುವ ಮೇಣದ ಹಾಳೆ ಹಾಕದ ಬರೀ ಫ್ರೇಮು. ನೊಣ ಎರಿ ಇಳಿಸುವುದು ಗಾರೆಯವನ ತೂಗುಗುಂಡಿನ ಹಾಗೆ, ನೆಟ್ಟಗೆ ಕೆಳಕ್ಕೆ. ಫ್ರೇಮು ವಾಲಿದ್ದರೆ ಅದು ಫ್ರೇಮಿನ ತಪ್ಪು! ಪ್ರತಿ ಎರಿಯ ಬುಡವೂ ಅದಕ್ಕಿಂತ ಬಾಗಿಲ ಕಡೆಗಿರುವ ಫ್ರೇಮಿನ ಅಡಿಪಟ್ಟಿಗೆ ಅಂಟಿತ್ತು. ಭಾವ ಎರಡನೆಯದನ್ನು ಎತ್ತಿದ, ಮೂರನೆಯದರ ಎರಿ ಸೀಳಿಕೊಂಡು ಬಂತು. ಬಿಳಿ ಮರಿಗಳು ಅಡಿಹಲಗೆಗೆ ಉದುರಿದವು, ತುಪ್ಪ ಬಾಗಿಲವರೆಗೆ ಹರಿಯಿತು, ರಾತ್ರಿಯೊಳಗೆ ಇರುವೆ ಸಾಲು. ಮನಸ್ಸು ಮುರಿದ ತುಡುವೆಗೆ ಹಾರಲು ಮುಹೂರ್ತ ಬೇಡ. ಪೆಟ್ಟಿಗೆ ಖಾಲಿ. “ಈ ನೊಣಕ್ಕೆ ಶಿಸ್ತೇ ಇಲ್ಲ ಮಾರಾಯ” ಅಂದ ಭಾವ. ಶಿಸ್ತು ಇದ್ದದ್ದು ನೊಣಕ್ಕೆ ಮಾತ್ರ ಭಾವಾ!

ಉದ್ದ ಫ್ರೇಮಾದರೆ ಮುಂದಕ್ಕೆ ಎಷ್ಟು ವಾಲಿಸಿದರೂ ಎರಿ ಫ್ರೇಮಿನೊಳಗೇ ಇಳಿಯುತ್ತದೆ. ವಾಲುವುದು ಫ್ರೇಮಿನ ಉದ್ದಕ್ಕೆ, ಪಕ್ಕಕ್ಕಲ್ಲ.

ಇನ್ನೊಂದು, ಗಾಳಿ. ಬಾಗಿಲಲ್ಲಿ ರೆಕ್ಕೆ ಬೀಸುವ ನೊಣವನ್ನು ಬಗ್ಗಿ ನೋಡಿ. ಹೊರದೇಶದಿಂದ ತಂದ ಮೆಲ್ಲಿಫೆರಾ ಜೇನು ತಲೆ ಒಳಗೆ ಮಾಡಿ ನಿಂತು ಒಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ನಮ್ಮ ತುಡುವೆ ತಲೆ ಹೊರಗೆ ಮಾಡಿ ನಿಂತು ಹೊರಗಿನ ಗಾಳಿಯನ್ನು ಒಳಕ್ಕೆ ದೂಡುತ್ತದೆ. ಉದ್ದ ಫ್ರೇಮಿದ್ದರೆ ಆ ಗಾಳಿ ಎರಿಗಳ ನಡುವಿನ ಪ್ರತಿ ಓಣಿಗೂ ನೇರ ಹೋಗುತ್ತದೆ, ಅಡ್ಡ ಫ್ರೇಮಿದ್ದರೆ ಮೊದಲ ಎರಿಗೇ ಬಡಿಯುತ್ತದೆ. ತುಪ್ಪದಲ್ಲಿ ನೀರಿನಂಶ ಶೇಕಡಾ 20 ದಾಟಬಾರದೆಂಬ ನಿಯಮ ಇರುವಾಗ, ನಮ್ಮ ಮಲೆನಾಡಿನ ಥಂಡಿಯಲ್ಲಿ ಆ ನೀರು ಆರಿಸುವ ಗಾಳಿಗೆ ಓಣಿ ತೆರೆದಿರಲೇಬೇಕು.

ಚೀಟಿ ಬಂತು, ಮುಗಿಸುತ್ತೇನೆ. ಮೇಣದ ಹುಳುವಿನ ವಿಷಯ ಊಟದ ಹೊತ್ತಿಗೆ ಕೇಳಿ. ಹೊಸ ಪೆಟ್ಟಿಗೆ ಮಾಡಿಸುವವರು ಉದ್ದ ಫ್ರೇಮನ್ನೇ ಮಾಡಿಸಿ. ಎಡ-ಬಲಕ್ಕೆ ಮಾತ್ರ ರಸಮಟ್ಟ ಇಟ್ಟು ಸಮ ಮಾಡಿ, ಅಲ್ಲಿ ವಾಲಿದರೆ ಭಾವನ ಕಥೆಯೇ. ಅಡ್ಡ ಫ್ರೇಮು ಈಗಾಗಲೇ ಇದ್ದವರು ಪೆಟ್ಟಿಗೆಯನ್ನು ಸಮ ಇಡಿ, ಅಡಿಹಲಗೆಗಷ್ಟೇ ಇಳಿಜಾರು ಕೊಡಿಸಿ. ಆಚಾರಿ ಮಳೆಗಾಲದಲ್ಲಿ ಸಿಗುವುದಿಲ್ಲ, ಈ ವಾರವೇ ಹೇಳಿಬಿಡಿ.