ಸೈಟು ಯಾರದು, ಮನೆ ಯಾರದು?

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವೇಳೆ 15 ನಿಮಿಷ. ಇವತ್ತಿನ ಮಾತು ‘ರ‍್ಯಾಪರ್ಸ್ ಡಿಲೈಟ್’ ಎಂಬ ಹಾಡಿನ ಬಗ್ಗೆ, ಅದೇ 14 ನಿಮಿಷ 35 ಸೆಕೆಂಡಿನದು. ಅದನ್ನೇ ಹಾಕಿಬಿಟ್ಟರೆ ಎದ್ದು ಹೋಗಬಹುದು. ಆದರೆ ಹಾಡು ನಿಮಗೆ ಮೊಬೈಲಿನಲ್ಲೇ ಸಿಗುತ್ತದೆ. ಅದರ ಹಿಂದಿನ ಕಾಗದಪತ್ರದ ಕತೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮಹಡಿ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಒಂದು ಮೈಕು, ಒಂದು ಲ್ಯಾಪ್‌ಟಾಪು ಇಟ್ಟುಕೊಂಡು ಕನ್ನಡದಲ್ಲಿ ರ‍್ಯಾಪ್ ಮಾಡುತ್ತಿರುವ ಹುಡುಗ ಹುಡುಗಿಯರೇ, ಈ ಮಾತು ನಿಮಗೆ. "ಇದರಿಂದ ಹೊಟ್ಟೆ ತುಂಬುತ್ತದೇನೋ?" ಎಂದು ಕೆಳಗಿನಿಂದ ಕೂಗುವ ಅಪ್ಪ ಅಮ್ಮಂದಿರೇ, ನಿಮಗೂ. ನಿಜಕ್ಕೂ ನಿಮಗೇ ಇದು ಬೇಗ ಅರ್ಥವಾಗುತ್ತದೆ. ಯಾಕೆಂದರೆ ಇದು ಸೈಟು, ಮನೆ, ಖಾತೆಯ ವಿಷಯ.

ನಾನು ಹೇಳುವುದು ಒಂದೇ ಮಾತು. ಒಂದು ಹಾಡಿನೊಳಗೆ ಎರಡು ಆಸ್ತಿ ಇರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆ ಸೇರಿ ಸೈಟು. ಅದನ್ನು ಹಾಡಿ ನುಡಿಸಿ ಮುದ್ರಿಸಿದ ಆ ಒಂದು ರೆಕಾರ್ಡಿಂಗು, ಮಾಸ್ಟರ್ ಅನ್ನುತ್ತಾರಲ್ಲ, ಅದು ಮನೆ. ಎರಡಕ್ಕೂ ಬೇರೆ ಬೇರೆ ಖಾತೆ. ಬಾಡಿಗೆ ಬಂದಾಗ ಸೈಟಿನವರಿಗೊಂದು ಪಾಲು, ಮನೆಯವರಿಗೊಂದು ಪಾಲು. ಸೈಟು ಯಾರದು, ಮನೆ ಯಾರದು? ಹಾಡು ಮಾಡುವ ಮೊದಲು ಈ ಎರಡು ಪ್ರಶ್ನೆ ಕೇಳಿ.

ಇದನ್ನು ಕಲಿಸಲು ಸಿಲ್ವಿಯಾ ರಾಬಿನ್ಸನ್ ಅವರ ಬದುಕಿಗಿಂತ ಒಳ್ಳೆಯ ಪಾಠವಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಗಾಯಕಿ, ಹಾಡು ಬರೆದವರು, ಪ್ರೊಡ್ಯೂಸರ್, ಕೊನೆಗೆ ಶುಗರ್ ಹಿಲ್ ರೆಕಾರ್ಡ್ಸ್ ಎಂಬ ಕಂಪನಿಯ ಒಡತಿ. ರ‍್ಯಾಪ್ ಸೇರಿದ ಹಿಪ್‌ಹಾಪ್ ಸಂಗೀತದ ತಾಯಿ ಎಂದು ಕರೆಯುತ್ತಾರೆ. ಆ ಬಿರುದು ಇರಲಿ, ನಾವು ಖಾತೆ ನೋಡೋಣ.

14ನೇ ವಯಸ್ಸಿಗೇ ಆಕೆ ‘ಲಿಟಲ್ ಸಿಲ್ವಿಯಾ’ ಎಂಬ ಹೆಸರಿನಲ್ಲಿ ಹಾಡಿದ್ದರು. ಗಿಟಾರ್ ಕಲಿಸಿದ ಮಿಕಿ ಬೇಕರ್ ಜೊತೆ ಹಾಡಿದ ‘ಲವ್ ಈಸ್ ಸ್ಟ್ರೇಂಜ್’ 1957ರಲ್ಲಿ ಅಮೆರಿಕದ ಆರ್ ಅಂಡ್ ಬಿ, ಅಂದರೆ ರಿದಮ್ ಅಂಡ್ ಬ್ಲೂಸ್ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ಹಾಡಿನ ಸೈಟು ಯಾರದು ಗೊತ್ತೇ? ಮೂಲದಲ್ಲಿ ಬರೆದವರು ರಾಕ್ ಅಂಡ್ ರೋಲ್ ಗಾಯಕ ಬೋ ಡಿಡ್ಲಿ. ಖಾತೆಯಲ್ಲಿ ಹಾಕಿಸಿದ್ದು ಹೆಂಡತಿಯ ಹೆಸರು. ನಮ್ಮೂರುಗಳಲ್ಲಿ ಜಮೀನು ಹೆಂಡತಿ ಹೆಸರಿಗೆ ಮಾಡಿಸುವುದಿಲ್ಲವೇ, ಹಾಗೆಯೇ. ಹಾಡಿದವರು ಕೇಳುಗರ ಕಿವಿಯಲ್ಲಿ ಉಳಿಯುತ್ತಾರೆ, ಹಣ ಹೋಗುವುದು ಕಾಗದದಲ್ಲಿರುವ ಹೆಸರಿಗೆ. 1960ರ ಆಸುಪಾಸಿನಲ್ಲಿ ಬೇರೆಯವರ ಗೆದ್ದ ಹಾಡುಗಳನ್ನು ತಾನೇ ಸ್ಟುಡಿಯೋದಲ್ಲಿ ಕೂತು ಮಾಡಿಸಿದರೂ ಲೇಬಲ್ಲಿನ ಮೇಲೆ ತನ್ನ ಹೆಸರು ಬರಲಿಲ್ಲ ಎಂದು ಸಿಲ್ವಿಯಾ ಮುಂದೆ ಹೇಳುತ್ತಿದ್ದರು.

ಆಮೇಲೆ ಗಂಡ ಜೋ ರಾಬಿನ್ಸನ್ ಜೊತೆ ನ್ಯೂಜೆರ್ಸಿಯ ಎಂಗಲ್‌ವುಡ್‌ಗೆ ಬಂದು, 1960ರ ದಶಕದ ಕೊನೆಗೆ ಆಲ್ ಪ್ಲಾಟಿನಮ್ ಎಂಬ ಸ್ವಂತ ಕಂಪನಿ, ಸ್ವಂತ ಸ್ಟುಡಿಯೋ ಕಟ್ಟಿದರು. ‘ಪಿಲೋ ಟಾಕ್’ ಎಂಬ ಹಾಡನ್ನು ಮೈಕಲ್ ಬರ್ಟನ್ ಜೊತೆ ಸೇರಿ ಬರೆದು ಗಾಯಕ ಅಲ್ ಗ್ರೀನ್ ಅವರಿಗೆ ಕಳಿಸಿದರು. ಅವರು ಬೇಡವೆಂದರು. ಸಿಲ್ವಿಯಾ ತಾವೇ ಹಾಡಿ 1973ರಲ್ಲಿ ಹೊರತಂದರು, ಅಮೆರಿಕದ ಪಾಪ್ ಪಟ್ಟಿಯಲ್ಲಿ 3ನೇ ಸ್ಥಾನ. ಇಲ್ಲಿ ಸೈಟಿನಲ್ಲೂ ಅವರ ಪಾಲು, ಮನೆಯೂ ಅವರದು. ಆದರೂ ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಂಪನಿ ದಿವಾಳಿಯ ದಾರಿ ಹಿಡಿದಿತ್ತು.

ಈಗ 1979. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಕ್ಷಮಿಸಿ.

ಹಾರ್ಲೆಮ್‌ನ ಒಂದು ಕ್ಲಬ್ಬಿನಲ್ಲಿ ಸಿಲ್ವಿಯಾ ಒಬ್ಬ ಡಿಜೆಯನ್ನು ನೋಡಿದರು. ಗ್ರಾಮಫೋನ್ ತಟ್ಟೆ ತಿರುಗುತ್ತಿದೆ, ಅದರ ಮೇಲೆ ಆತ ತಾಳಕ್ಕೆ ಸರಿಯಾಗಿ ಮಾತು ಪೋಣಿಸುತ್ತಿದ್ದಾನೆ, ಜನ ಕುಣಿಯುತ್ತಿದ್ದಾರೆ. ಬೀದಿಯಲ್ಲಿ, ಪಾರ್ಕಿನಲ್ಲಿ ಇದು ಆರೇಳು ವರ್ಷದಿಂದ ನಡೆದಿತ್ತು. ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಆದರೆ ಇದನ್ನು ತಟ್ಟೆಗೆ ಇಳಿಸಿದರೆ ದುಡ್ಡಾಗುತ್ತದೆ ಎಂದು ಹೊಳೆದವರು ಬೆರಳೆಣಿಕೆ.

ಸಿಲ್ವಿಯಾ ಹುಡುಗರನ್ನು ಹುಡುಕಲು ಹೊರಟರು. ಎಂಗಲ್‌ವುಡ್‌ನ ಒಂದು ಪಿಜ್ಜಾ ಅಂಗಡಿಯಲ್ಲಿ ಹೆನ್ರಿ ಜಾಕ್ಸನ್ ಎಂಬ ದಢೂತಿ ಹುಡುಗ ಹಿಟ್ಟು ತಟ್ಟುತ್ತಾ ಟೇಪಿನ ಜೊತೆ ರ‍್ಯಾಪ್ ಮಾಡುತ್ತಿದ್ದ. ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದು ಕಾರಿನಲ್ಲಿ ಕೂತ. ಪರೀಕ್ಷೆ ನಡೆದದ್ದು ಕಾರಿನೊಳಗೇ. ಇನ್ನಿಬ್ಬರು, ಗೈ ಓಬ್ರಯನ್ ಮತ್ತು ಮೈಕಲ್ ರೈಟ್, ಅಲ್ಲೇ ಸೇರಿಕೊಂಡರು. ಮೂವರಲ್ಲಿ ಒಬ್ಬನನ್ನು ಆರಿಸಬೇಕಿತ್ತು, ಸಿಲ್ವಿಯಾ ಮೂವರನ್ನೂ ಆರಿಸಿದರು. ಶುಗರ್‌ಹಿಲ್ ಗ್ಯಾಂಗ್ ಹುಟ್ಟಿದ್ದು ಹೀಗೆ.

ಸಂಗೀತ? ಆ ಬೇಸಿಗೆಯಲ್ಲಿ ಷೀಕ್ ಎಂಬ ತಂಡದ ‘ಗುಡ್ ಟೈಮ್ಸ್’ ದೇಶದ ನಂಬರ್ ಒಂದು ಹಾಡು. ಅದರ ಬಾಸ್ ಗಿಟಾರ್ ಓಟ ಎಲ್ಲರ ಕಾಲಿನಲ್ಲಿತ್ತು. ಈಗಾದರೆ ನಾಲ್ಕು ಬಾರ್, ಅಂದರೆ ನಾಲ್ಕು ಬೀಟಿನ ನಾಲ್ಕು ಆವರ್ತ, ಕತ್ತರಿಸಿ ಲೂಪ್ ಒತ್ತಿದರೆ ಮುಗಿಯಿತು. ಆಗ ಸದ್ದಿನ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಯಂತ್ರ, ಸ್ಯಾಂಪ್ಲರ್, ಕೈಗೆಟುಕುವಂತಿರಲಿಲ್ಲ. ಸಿಲ್ವಿಯಾ ವಾದ್ಯದವರನ್ನು ಕೂರಿಸಿ ಅದನ್ನೇ ಹೊಸದಾಗಿ ನುಡಿಸುವಂತೆ ಮಾಡಿದರು. ಲೆಕ್ಕ ಹಾಕಿ: ನಿಮಿಷಕ್ಕೆ ಸುಮಾರು 111 ಬೀಟು, ನಾಲ್ಕು ಬಾರಿನ ಒಂದು ಸುತ್ತಿಗೆ ಎಂಟೂವರೆ ಸೆಕೆಂಡಿನಷ್ಟು, 14 ನಿಮಿಷ 35 ಸೆಕೆಂಡಿಗೆ ಹತ್ತಿರ ಹತ್ತಿರ ನೂರು ಸುತ್ತು. ಒಂದೇ ಸಾಲು, ನೂರು ಸಲ, ತಪ್ಪದೆ. ಬೆರಳು ಸೋತರೆ ಮೊದಲು ಹಾಳಾಗುವುದು ಸ್ವರವಲ್ಲ, ಸ್ವರಗಳ ನಡುವಿನ ಬಿಡುವು. ಅದು ಕೆಟ್ಟರೆ ಮೇಲೆ ಮಾತಾಡುವವನ ಉಸಿರು ಕೆಡುತ್ತದೆ. ಬಾಸ್ ನುಡಿಸಿದ ಚಿಪ್ ಶಿಯರಿನ್ ಆಗ ಹದಿಹರೆಯದ ಹುಡುಗ. ಆ ದಿನಕ್ಕೆ ಸಿಕ್ಕಿದ್ದು 70 ಡಾಲರ್ ಎಂದು ಆತ ನೆನಪಿಸಿಕೊಂಡಿದ್ದಾರೆ. ಗಾರೆ ಕೆಲಸದವರ ದಿನಗೂಲಿ ಅದು. ಗೋಡೆ ಎಬ್ಬಿಸಿದರೆ ಮನೆಯಲ್ಲಿ ಪಾಲು ಬರುವುದಿಲ್ಲ.

ಹುಡುಗರ ರ‍್ಯಾಪು ಹೆಚ್ಚುಕಡಿಮೆ ಒಂದೇ ಟೇಕಿನಲ್ಲಿ ಮುಗಿಯಿತು. ಹಾಡಿನ ಹೆಸರು ‘ರ‍್ಯಾಪರ್ಸ್ ಡಿಲೈಟ್’. ಹೊರಬಂದದ್ದು ಸಿಲ್ವಿಯಾರ ಶುಗರ್ ಹಿಲ್ ಕಂಪನಿಯಿಂದ, 12 ಇಂಚಿನ ತಟ್ಟೆಯಲ್ಲಿ. ಯಾಕೆ 12 ಇಂಚು? ಬಾಸ್ ಧ್ವನಿ ತಟ್ಟೆಯ ಗೆರೆಯನ್ನು ಅಗಲಕ್ಕೆ ಓಲಾಡಿಸುತ್ತದೆ, ಪಕ್ಕದ ಗೆರೆಗೆ ತಾಗದಂತೆ ಜಾಗ ಬಿಡಬೇಕು. 7 ಇಂಚಿನ ತಟ್ಟೆಗೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ತುರುಕಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಆಗ ಸದ್ದೂ ಇಳಿಯುತ್ತದೆ, ಬಾಸೂ ತೆಳ್ಳಗಾಗುತ್ತದೆ. ಕುಣಿಯುವ ಜನಕ್ಕೆ ಬಾಸ್ ಇಲ್ಲದ ಹಾಡು ಒಗ್ಗರಣೆ ಇಲ್ಲದ ಸಾರು. ಸಿಲ್ವಿಯಾ ಅದನ್ನು ಬಲ್ಲವರು. ಕೇಳಿದವರಿಗೆ ಚಿಕ್ಕ ಆವೃತ್ತಿಯನ್ನೂ ಕೊಟ್ಟರು, ಉದ್ದದ್ದನ್ನು ಮಾತ್ರ ಬಿಡಲಿಲ್ಲ. 1979ರ ಸೆಪ್ಟೆಂಬರಿನಲ್ಲಿ ಬಂದ ಹಾಡು ಅಮೆರಿಕದ ಮೊದಲ 40ರ ಪಟ್ಟಿಗೆ ಏರಿದ ಮೊದಲ ರ‍್ಯಾಪ್ ಹಾಡಾಯಿತು, 36ನೇ ಸ್ಥಾನ.

ಈಗ ನಮ್ಮ ಪ್ರಶ್ನೆ. ಸೈಟು ಯಾರದು, ಮನೆ ಯಾರದು?

ಮನೆ ಸಿಲ್ವಿಯಾದು, ಅನುಮಾನವಿಲ್ಲ. ಇಟ್ಟಿಗೆ ಅವರದು, ಕೂಲಿ ಕೊಟ್ಟವರು ಅವರು. ಸೈಟು? ಮೊದಲ ತಟ್ಟೆಗಳ ಮೇಲೆ ಇದ್ದದ್ದು ಸಿಲ್ವಿಯಾ ಮತ್ತು ಮೂವರು ಹುಡುಗರ ಹೆಸರು. ‘ಗುಡ್ ಟೈಮ್ಸ್’ ಬರೆದ ನೈಲ್ ರಾಜರ್ಸ್ ಒಂದು ಕ್ಲಬ್ಬಿನಲ್ಲಿ ಕೂತಿದ್ದಾಗ ತಮ್ಮದೇ ಬಾಸ್ ಸಾಲು ಕೇಳಿಸಿತು, ಅದರ ಮೇಲೆ ಯಾರೋ ಮಾತಾಡುತ್ತಿದ್ದಾರೆ! ವಕೀಲರ ಮಾತುಕತೆಯ ನಂತರ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಹೆಸರು ಖಾತೆಗೆ ಬಂತು. "ನಾವು ಅವರ ರೆಕಾರ್ಡಿಂಗ್ ಮುಟ್ಟಿಲ್ಲ, ಸ್ವಂತವಾಗಿ ನುಡಿಸಿದ್ದೇವೆ" ಎಂದು ಯಾರಾದರೂ ವಾದಿಸಬಹುದು. ಅಪ್ಪಾ, ಇಟ್ಟಿಗೆ ನಿನ್ನದು, ಸರಿ. ಕಟ್ಟಿದ್ದು ಇನ್ನೊಬ್ಬರ ಸೈಟಿನಲ್ಲಿ!

ಕತೆ ಮುಗಿಯಲಿಲ್ಲ. ಪಿಜ್ಜಾ ಅಂಗಡಿಯ ಹೆನ್ರಿ ಹಾಡಿದ ಸಾಲುಗಳು ಅವನದಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಭಾಗದ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಕವಿಯ ನೋಟುಬುಕ್ಕಿನವು. ಹೆನ್ರಿ ಕ್ಯಾಜ್‌ನ ಮ್ಯಾನೇಜರ್ ಆಗಿದ್ದ, ಪುಸ್ತಕ ಕೇಳಿದ, ಸ್ನೇಹದಲ್ಲಿ ಕ್ಯಾಜ್ ಕೊಟ್ಟ. ಹಾಡಿನಲ್ಲಿ ಹೆನ್ರಿ ತನ್ನ ಹೆಸರೆಂದು ಅಕ್ಷರ ಬಿಡಿಸಿ ಹೇಳುವುದು ಕ್ಯಾಜ್‌ನ ಬಿರುದನ್ನು, ‘ಕ್ಯಾಸನೋವಾ ಫ್ಲೈ’ ಎಂಬುದನ್ನು. ಅಷ್ಟನ್ನೂ ಬದಲಿಸದೆ ಹಾಡಿಬಿಟ್ಟ! ಹಾಡು ಲೋಕವನ್ನೆಲ್ಲ ಸುತ್ತಿತು. ಕ್ಯಾಜ್‌ಗೆ ಖಾತೆಯಲ್ಲಿ ಹೆಸರೂ ಇಲ್ಲ, ಪಾಲೂ ಇಲ್ಲ. ಒಂದು ಹಾಳೆ, ಎರಡು ಸಹಿ ಇದ್ದಿದ್ದರೆ ಸಾಕಿತ್ತು.

ಗಡಿಯಾರ ನನ್ನನ್ನು ನೋಡುತ್ತಿದೆ. ಉಳಿದದ್ದನ್ನು ಓಡಿಸುತ್ತೇನೆ.

1982ರಲ್ಲಿ ‘ದ ಮೆಸೇಜ್’. ಬಡ ಬೀದಿಯ ಬದುಕಿನ ಹಾಡು. ಕುಣಿತದ ಹಾಡಲ್ಲವೆಂದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಡಿಜೆಯ ತಂಡಕ್ಕೇ ಇಷ್ಟವಿರಲಿಲ್ಲ. ಸಿಲ್ವಿಯಾ ಹಟ ಹಿಡಿದು ಮಾಡಿಸಿದರು, ಕಿವಿ ಅಂದರೆ ಅದು. 2002ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿದ ಮೊದಲ ಹಿಪ್‌ಹಾಪ್ ಹಾಡು. ತಟ್ಟೆಯ ಮೇಲೆ ದೊಡ್ಡದಾಗಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಹೆಸರು. ರ‍್ಯಾಪ್ ಮಾಡಿದವರು ಮೆಲ್ಲೆ ಮೆಲ್ ಮತ್ತು ಎಡ್ ಫ್ಲೆಚರ್. ಬರೆದವರ ಖಾತೆಯಲ್ಲಿ ಅವರಿಬ್ಬರ ಜೊತೆ ಜಿಗ್ಸ್ ಚೇಸ್ ಮತ್ತು ಸಿಲ್ವಿಯಾ. ಫ್ಲ್ಯಾಶ್ ಹೆಸರು ಅಲ್ಲಿಲ್ಲ. ಬಾಗಿಲ ಮೇಲಿನ ಬೋರ್ಡು ಖಾತೆಯಲ್ಲ, ನೆನಪಿಡಿ. ಮರುವರ್ಷ ಫ್ಲ್ಯಾಶ್ ಹೆಸರಿಗಾಗಿ, ರಾಯಧನಕ್ಕಾಗಿ, ಅಂದರೆ ರಾಯಲ್ಟಿಗಾಗಿ, ಕೋರ್ಟಿಗೆ ಹೋದರು.

1983ರಲ್ಲಿ ‘ವೈಟ್ ಲೈನ್ಸ್’. ಲಿಕ್ವಿಡ್ ಲಿಕ್ವಿಡ್ ಎಂಬ ಸಣ್ಣ ತಂಡದ ಬಾಸ್ ಸಾಲನ್ನು ಮತ್ತೆ ಹಾಗೆಯೇ ಹೊಸದಾಗಿ ನುಡಿಸಿ ಕಟ್ಟಿದ್ದು. ನಾಲ್ಕು ವರ್ಷದ ಹಿಂದಿನ ಪೆಟ್ಟು ಮರೆತೇ ಹೋಗಿತ್ತು! ಆ ತಂಡದ ಕಂಪನಿ ದಾವೆ ಗೆದ್ದಿತು. ಆದರೆ ಹಣ ಕೈಸೇರುವ ಮೊದಲೇ ಶುಗರ್ ಹಿಲ್ ದಿವಾಳಿ. ದೊಡ್ಡ ಕಂಪನಿಯೊಂದಿಗೆ ಮಾಡಿಕೊಂಡ ವಿತರಣೆಯ ಒಪ್ಪಂದವೂ ಕೋರ್ಟು ಕಟ್ಟೆ ಹತ್ತಿತು. 1986ರ ಹೊತ್ತಿಗೆ ಅಂಗಡಿ ಬಂದ್. 1990ರ ದಶಕದಲ್ಲಿ ಮಾಸ್ಟರ್‌ಗಳು, ಅಂದರೆ ಮನೆಗಳು, ರೈನೋ ಎಂಬ ಕಂಪನಿಗೆ ಮಾರಾಟವಾದವು. 2002ರಲ್ಲಿ ಎಂಗಲ್‌ವುಡ್‌ನ ಆ ಸ್ಟುಡಿಯೋ ಬೆಂಕಿಗೆ ಆಹುತಿಯಾಯಿತು. ಸಿಲ್ವಿಯಾ ತೀರಿಕೊಂಡದ್ದು 2011ರಲ್ಲಿ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2022ರಲ್ಲಿ, ಹೋದ ಮೇಲೆ.

ಈಗ ನಿಮ್ಮ ಮಹಡಿ ಕೋಣೆಗೆ ಬರೋಣ. ‘ಪ್ರೊಡ್ಯೂಸರ್’ ಎಂಬ ಮಾತಿಗೆ ಮೂರು ಅರ್ಥ. ಸಿನಿಮಾದಲ್ಲಿ ಹಣ ಹಾಕುವವರು. ಹಿಪ್‌ಹಾಪ್‌ನಲ್ಲಿ ಬೀಟ್, ಅಂದರೆ ಮಾತಿನ ಹಿಂದಿನ ತಾಳ-ಸಂಗೀತ, ಕಟ್ಟುವವರು. ನಮ್ಮ 1957ರ ಕಾಪಿರೈಟ್ ಕಾಯಿದೆಯಲ್ಲಿ, ಮುದ್ರಣವನ್ನು ಮುಂದೆ ನಿಂತು ಹೊಣೆ ಹೊತ್ತು ಮಾಡಿಸಿದವರು. ಮನೆಯ ಖಾತೆ ಈ ಮೂರನೆಯವರಿಗೆ. ನೀನು ಬೀಟ್ ಮಾಡಿದೆ, ಅದಕ್ಕೇ ಮಾಸ್ಟರ್ ನಿನ್ನದೇ ಎಂದು ಕೂತಿರಬೇಡ.

ಸೈಟಿನ ಕಡೆ ಒಂದು ಸಮಾಧಾನವಿದೆ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರ, ಸಂಗೀತ ಸಂಯೋಜಿಸಿದವರ ರಾಯಧನದ ಹಕ್ಕನ್ನು ಯಾವ ಕಂಪನಿಯೂ ಬರೆಸಿಕೊಂಡು ಹೋಗುವಂತಿಲ್ಲ. ಆ ಹಕ್ಕು ದಾಟಬಹುದಾದದ್ದು ವಾರಸುದಾರರಿಗೆ ಅಥವಾ ರಾಯಧನ ವಸೂಲಿ ಮಾಡಿ ಹಂಚುವ ಕಾಪಿರೈಟ್ ಸೊಸೈಟಿಗೆ ಮಾತ್ರ. ಆದರೆ ಬರೆದವರು ಯಾರೆಂದು ತೋರಿಸಲು ಕಾಗದ ಬೇಕಲ್ಲ?

ಅಂತರ್ಜಾಲದಿಂದ ಬೀಟ್ ತಂದವರೇ, ನೀವು ಕೊಂಡದ್ದೋ, ಬಾಡಿಗೆಗೆ ತಂದದ್ದೋ? ಲೀಸ್ ಎಂದರೆ ಬಾಡಿಗೆ. ಎಷ್ಟು ಸ್ಟ್ರೀಮ್‌ಗಳವರೆಗೆ, ಎಷ್ಟು ವರ್ಷ ಎಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ಅದೇ ಬೀಟು ಇನ್ನೂ ಹತ್ತು ಜನಕ್ಕೆ ಹೋಗಿರಬಹುದು. ‘ಫ್ರೀ’ ಎಂದಿದ್ದರೆ ಬಹಳಷ್ಟು ಸಲ ಹಣ ಗಳಿಸುವಂತಿಲ್ಲ ಎಂದರ್ಥ. ಹಾಡು ಓಡಿದ ಮೇಲೆ ಓದಬೇಡಿ, ಡೌನ್‌ಲೋಡ್ ಒತ್ತುವ ಮೊದಲು ಓದಿ, ಆ ಪುಟವನ್ನು ಉಳಿಸಿಟ್ಟುಕೊಳ್ಳಿ.

ಕೊನೆಯದಾಗಿ ಆ ಒಂದು ಹಾಳೆ. ಮುದ್ರಣದ ದಿನವೇ, ಮಿಕ್ಸಿಂಗ್‌ಗೆ ಮೊದಲು, ಎಲ್ಲರೂ ಒಂದೇ ಕೋಣೆಯಲ್ಲಿ ಇರುವಾಗಲೇ ಬರೆಯಿರಿ. ಹಾಡಿನ ಹೆಸರು, ದಿನಾಂಕ. ಸೈಟಿನ ಪಾಲು ಒಂದು ಕಡೆ: ಸಾಹಿತ್ಯ ಯಾರದು, ಸಂಗೀತ ಯಾರದು, ಯಾರಿಗೆ ಎಷ್ಟು ಪ್ರತಿಶತ. ಮನೆಯ ಪಾಲು ಇನ್ನೊಂದು ಕಡೆ. ಎರಡೂ ಬೇರೆ ಬೇರೆಯಾಗಿ ಕೂಡಿದರೆ 100 ಬರಬೇಕು. ಉತ್ಸಾಹದಲ್ಲಿ ಎಲ್ಲರಿಗೂ ಹಂಚಿ 110 ಆಗಿರುತ್ತದೆ, ಕೂಡಿಯೇ ನೋಡಿ. "ಈ ಪದ ಹಾಕು" ಎಂದು ಸೋಫಾದ ಮೇಲಿಂದ ಹೇಳಿದ ಗೆಳೆಯನಿಗೆ ಪಾಲಿದೆಯೇ ಇಲ್ಲವೇ ಎಂದು ಆಗಲೇ ತೀರ್ಮಾನಿಸಿ. ಎಲ್ಲರೂ ಸಹಿ ಮಾಡಿ, ಎಲ್ಲರೂ ಫೋಟೋ ತೆಗೆದುಕೊಳ್ಳಿ.

ಹಾಂ, ಸ್ಟೇಜಿನ ಹೆಸರು ಬೇಡ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೇಗಿದೆಯೋ ಹಾಗೆ, ಇನಿಷಿಯಲ್ ಸಮೇತ ಬರೆಯಿರಿ. ನಮಸ್ಕಾರ.