ಬೆಲ್ಲ ತಿಂದ ಗೋಡೆ

ಕೇಳುಗರಿಗೆ ನಮಸ್ಕಾರ.

ಹೋದ ವಾರ ಚಿಕ್ಕಮಗಳೂರಿನಲ್ಲಿ ಒಂದು ಸಿಹಿತಿಂಡಿ ಅಂಗಡಿಗೆ ಹೋಗಿದ್ದೆ. ಹೆಸರು ಹೇಳಿದರೆ ಜಾಹೀರಾತು ಆಗಿಬಿಡುತ್ತದೆ, ಬೇಡ. ಅದೊಂದು ಹಳೇ ಮಂಡಿ. ಏಲಕ್ಕಿ, ಮೆಣಸಿನ ಮೂಟೆ ಇಳಿಯುತ್ತಿದ್ದ ಜಾಗ. ಆಮೇಲೆ ಎಷ್ಟೋ ವರ್ಷ ಬೀಗ ಬಿದ್ದಿತ್ತು. ಈಗ ರಿಪೇರಿ ಮಾಡಿಸಿದ್ದಾರೆ. ಮುಂದೆ ಸಿಹಿ, ಒಳಗೆ ತೊಟ್ಟಿಯ ಸುತ್ತ ಕೂತು ಟೀ ಕುಡಿಯೋಕೆ ಬೆಂಚು.

ಜೊತೆಗೆ ಚಿಕ್ಕಪ್ಪ ಬಂದಿದ್ದರು. ಹುಡುಗನಾಗಿದ್ದಾಗ ನಮ್ಮ ತಾತನ ಜೊತೆ ಇದೇ ಮಂಡಿಗೆ ಬರುತ್ತಿದ್ದವರು. ಹೊಸ್ತಿಲು ದಾಟಿದ ಕೂಡಲೇ, "ಇಲ್ಲೇ ತಕ್ಕಡಿ ಇತ್ತು ಕಣೇ" ಅಂದರು. ಈಗ ಅಲ್ಲಿ ಗಾಜಿನ ಕಪಾಟು, ಒಳಗೆ ಕೊಬ್ಬರಿ ಮಿಠಾಯಿ.

ಮಾಡಿಗೆ ಮಂಗಳೂರು ಹೆಂಚು. ಒಂದೆರಡು ಹೆಂಚಿನ ಮೇಲೆ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪಾದ್ರಿಗಳ ಸಂಸ್ಥೆಯ ಮುದ್ರೆ ಇನ್ನೂ ಕಾಣುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಅವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ಘಾಟಿ ಹತ್ತಿಸಿ, ಒಡೆಯದ ಹಾಗೆ ಇಲ್ಲಿಗೆ ತಂದರಲ್ಲ, ಆ ಗಾಡಿಯವರಿಗೆ ಕೈ ಮುಗಿಯಬೇಕು. ಗೋಡೆಗೆ ಲಾಟೀನು, ಗ್ರಾಮಫೋನು ತೂಗಿಹಾಕಿದ್ದು ಮಾತ್ರ ನನಗೆ ಜಾಸ್ತಿ ಅನ್ನಿಸಿತು. ಮಂಡಿಯಲ್ಲಿ ಗ್ರಾಮಫೋನು ಯಾರು ಕೇಳುತ್ತಿದ್ದರು?

ಚಿಕ್ಕಪ್ಪ ಅದನ್ನೆಲ್ಲ ನೋಡಲೇ ಇಲ್ಲ. ಗೋಡೆ ಸವರುತ್ತಾ ನಿಂತರು. ಹೊರಗೆ ಜಡಿಮಳೆ, ಗೋಡೆ ಮಾತ್ರ ಬೆಚ್ಚಗಿತ್ತು. "ಸಿಮೆಂಟಾ?" ಅಂತ ಕೇಳಿದರು. ಗಲ್ಲಾದಲ್ಲಿದ್ದ ಯಜಮಾನರು ನಕ್ಕರು. "ಅಲ್ಲ ಸಾರ್, ಸುಣ್ಣದ ಗಾರೆ. ಬೆಲ್ಲ ಹಾಕಿ ಮಾಡಿಸಿದ್ದು."

ಬೆಲ್ಲ, ಅಳಲೆಕಾಯಿ ಎರಡನ್ನೂ ನೀರಲ್ಲಿ ದಿನಗಟ್ಟಲೆ ಕೊಳೆಹಾಕಿ, ಆ ನೀರನ್ನು ಸುಣ್ಣ ಮರಳಿಗೆ ಸೇರಿಸಿ ಅರೆಯುತ್ತಾರೆ. ಹಚ್ಚಿದ ಗಾರೆ ಗಡಿಬಿಡಿಯಲ್ಲಿ ಒಣಗಿ ಬಿರಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತಾ ನಿಧಾನಕ್ಕೆ ಕಲ್ಲಾಗುತ್ತದೆ. ಗೋಡೆಗೆ ಸೇರಿದ ತೇವ ಅದರ ಮೂಲಕವೇ ಆರಿ ಹೋಗುತ್ತದೆ. ಸಿಮೆಂಟು ಹಾಗಲ್ಲ. ಮಣ್ಣಿನ ಗೋಡೆಗೆ ಬಳಿದರೆ ತೇವವನ್ನು ಒಳಗೇ ಕೂಡಿಹಾಕುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಊರಿನ ನಮ್ಮ ಹಳೇ ಮನೆಗೆ ಸಿಮೆಂಟ್ ಮೆತ್ತಿಸಿದವಳು ನಾನೇ. ಚಿಕ್ಕಪ್ಪ ಬೇಡ ಅಂದಿದ್ದರು, ಕೇಳಲಿಲ್ಲ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಹಪ್ಪಳದ ಹಾಗೆ ಉಬ್ಬಿ, ಹಾಳೆ ಹಾಳೆಯಾಗಿ ಕಳಚಿಕೊಂಡಿತು. ಅವತ್ತು ಅಂಗಡಿಯಲ್ಲಿ ಅವರು ನನ್ನ ಕಡೆ ಸುಮ್ನೆ ಒಂದು ಸಲ ನೋಡಿದರು. ಏನೂ ಹೇಳಲಿಲ್ಲ.

ಹಾಲ್ಬಾಯಿ ಬಂತು. ನೆನೆಸಿದ ಅಕ್ಕಿ, ತೆಂಗಿನಕಾಯಿ ನುಣ್ಣಗೆ ರುಬ್ಬಿ, ಸೋಸಿ, ಬೆಲ್ಲ ಹಾಕಿ ಬಾಣಲೆಯಲ್ಲಿ ತಿರುವಬೇಕು. ಕೈ ಬಿಟ್ಟರೆ ಗಂಟು, ಉರಿ ಜಾಸ್ತಿಯಾದರೆ ತಳ. ತಳ ಬಿಡುವ ಹೊತ್ತಿಗೆ ತುಪ್ಪ, ಏಲಕ್ಕಿ. ಇದೂ ಒಂಥರಾ ಗಾರೆ ಕೆಲಸವೇ, ಅಲ್ವಾ? ಇಲ್ಲಿಯದು ಚೆನ್ನಾಗಿತ್ತು. ಬಾಯಲ್ಲಿಟ್ಟರೆ ಜಾರುತ್ತಿತ್ತು. ಮೈಸೂರ್ ಪಾಕ್ ಮಾತ್ರ ಗಟ್ಟಿ, ಅದರಲ್ಲೇ ಗೋಡೆ ಕಟ್ಟಬಹುದಿತ್ತು.

ಟೀ ಬಗ್ಗೆ ಚಿಕ್ಕಪ್ಪನ ತಕರಾರು ಇದ್ದೇ ಇತ್ತು. "ಕಾಫಿ ಸೀಮೆಯಲ್ಲಿ ಕೂತು ಟೀ ಕುಡಿಯೋದಾ?" ನಮ್ಮ ಜಿಲ್ಲೆಯ ಕೆಳಗೂರಿನಲ್ಲಿ ಟೀ ತೋಟವೂ ಇದೆ, ಇದು ಅಲ್ಲಿಯದೇ ಸೊಪ್ಪು ಅಂತ ಹುಡುಗ ಸಮಾಧಾನ ಹೇಳಿದ. ಸರಿ, ಬೈಟು ತರಿಸಿದೆವು. ಅರ್ಧ ಕುಡಿದವರು ಇನ್ನೊಂದು ಬೈಟು ಹೇಳಿದರು.

ಹೊರಡುವಾಗ ಅರ್ಧ ಕೆ.ಜಿ. ಹಾಲ್ಬಾಯಿ ಕಟ್ಟಿಸಿದೆ. ದುಡ್ಡು ಕೊಟ್ಟು ತಿರುಗಿದರೆ, ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಬಿಲ್ಲಿನ ಹಿಂದೆ ಏನೋ ಬರೆದುಕೊಳ್ಳುತ್ತಿದ್ದರು. ಗಾರೆ ಮೇಸ್ತ್ರಿಯ ಫೋನ್ ನಂಬರ್.